ಬಯೋಡೆಂಟಿನ್ ಮೇಲೆ ಅದೇ ದಿನ ಕಾಂಪೋಸಿಟ್ ಹಾಕಬಹುದೇ?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಮಾನ್ಯರೇ, ಕೆಳದವಡೆಯ ಮೊದಲ ಖಾಯಂ ದವಡೆಹಲ್ಲಿನ ಹುಳುಕು ತೆಗೆಯುವಾಗ ತಿರುಳು (ಹಲ್ಲಿನೊಳಗಿನ ನರ, ರಕ್ತನಾಳಗಳಿರುವ ಮೃದು ಭಾಗ) ಸೂಜಿಮೊನೆಯಷ್ಟು ತೆರೆದುಕೊಂಡರೆ, ಹೈಪೋಕ್ಲೋರೈಟ್‌ನಲ್ಲಿ ಅದ್ದಿದ ಹತ್ತಿಯಿಂದ ರಕ್ತ ನಿಲ್ಲಿಸಿ ಬಯೋಡೆಂಟಿನ್ (ತಿರುಳು ಮುಚ್ಚುವ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟು) ಇಡುತ್ತೇವೆ. ಅದು ಸುಮಾರು 12 ನಿಮಿಷಕ್ಕೆ ಗಟ್ಟಿಯಾಗುತ್ತದೆ ಎಂದು ತಯಾರಕರು ಹೇಳುತ್ತಾರೆ. ಆದರೆ ಅದರ ಮೇಲೆ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್ ತುಂಬುವಿಕೆ) ಹಾಕಲು ಎರಡು ವಾರ ಕಾಯಬೇಕೆನ್ನುವ ಪ್ರಬಂಧಗಳೂ ಇವೆ. ನಮ್ಮಲ್ಲಿಗೆ ಬರುವ ಅನೇಕರು ದೂರದ ಹಳ್ಳಿಗಳವರಾದ್ದರಿಂದ ಎರಡನೆಯ ಭೇಟಿಗೆ ಬರುತ್ತಾರೆಂಬ ಭರವಸೆಯಿಲ್ಲ. ಶಿಯರ್ ಬಾಂಡ್ ಸ್ಟ್ರೆಂತ್ (ಅಡ್ಡ ತಳ್ಳಿದಾಗ ಅಂಟು ತಾಳುವ ಬಲ) ಅಂಕಿಗಳೂ ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ ಇವೆ. ಯಾವುದನ್ನು ನಂಬಬೇಕು?

ಉತ್ತರ 1: ಕನ್ಸರ್ವೇಟಿವ್ (ಹಲ್ಲು ಉಳಿಸುವ ಚಿಕಿತ್ಸೆಯ) ವಿಭಾಗದ ಅಧ್ಯಾಪಕರು

ಅಂಕಿಗಿಂತ ಮೊದಲು ಪರೀಕ್ಷೆಯ ಮಾದರಿ ಎಲ್ಲಿ ಮುರಿಯಿತು ಎಂಬುದನ್ನು ನೋಡಿ. ಹೊಸದಾಗಿ ಗಟ್ಟಿಯಾದ ಬಯೋಡೆಂಟಿನ್ ಮೇಲೆ ಕಾಂಪೋಸಿಟ್ ಕೂರಿಸಿ ಪರೀಕ್ಷಿಸಿದಾಗ, ಬಿರುಕು ಅಂಟುಪದರದಲ್ಲಿ ಬೀಳದೆ ಬಯೋಡೆಂಟಿನ್‌ನ ಒಳಗೇ ಹಾಯುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅಂದರೆ ಸೋತದ್ದು ಬಂಧವಲ್ಲ, ಇನ್ನೂ ಬಲಿಯದ ಸಿಮೆಂಟು. ಟ್ರೈಕ್ಯಾಲ್ಸಿಯಂ ಸಿಲಿಕೇಟ್ ನೀರಿನೊಡನೆ ವರ್ತಿಸಿ ಹರಳುಗಟ್ಟುವ ಕ್ರಿಯೆ ಆ 12 ನಿಮಿಷಕ್ಕೆ ಮುಗಿಯುವುದಿಲ್ಲ, ಮುಂದಿನ ದಿನಗಳಲ್ಲೂ ಸಾಗುತ್ತದೆ. ಆದರೆ ಕಾಂಪೋಸಿಟ್‌ನ ಕುಗ್ಗುವಿಕೆಯ ಸೆಳೆತ ಬೆಳಕು ತಾಗಿದ ಕ್ಷಣದಿಂದಲೇ ಶುರು. ಆ ಸೆಳೆತ ತಾಳಲು 17ರಿಂದ 20 ಮೆಗಾಪ್ಯಾಸ್ಕಲ್ ಬಂಧಬಲ ಬೇಕೆಂದು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ಜೊತೆಗೆ ಅಂಟು ಹಿಡಿಯಲೆಂದು ಮೊದಲು ಹಚ್ಚುವ (ಎಚ್ಚಿಂಗ್) ಫಾಸ್ಫರಿಕ್ ಆಮ್ಲ ಇಂಥ ಸಿಮೆಂಟುಗಳ ಮೇಲ್ಮೈಯನ್ನೇ ಕೊರೆಯುತ್ತದೆ. ಎಂಟಿಎ (ಇದೇ ಬಗೆಯ ಹಳೆಯ ಸಿಮೆಂಟು) ವಿಷಯದಲ್ಲಿ ಎಚ್ಚಿಂಗ್‌ಗೆ ಕನಿಷ್ಠ 96 ಗಂಟೆ ತಡೆಯಿರಿ ಎಂಬ ಸಲಹೆ ಬಂದದ್ದು ಇದರಿಂದಲೇ.

ಪ್ರಬಂಧಗಳನ್ನು ಹೋಲಿಸುವಾಗ ಅಂಟಿನ ವಿಸ್ತೀರ್ಣ, ಭಾರ ಹೇರಿದ ವೇಗ, ಮಾದರಿಯ ವಯಸ್ಸು ಒಂದೇ ಆಗಿವೆಯೇ ನೋಡಿ. 3 ಮಿ.ಮೀ. ವ್ಯಾಸದ ಕಾಂಪೋಸಿಟ್ ಕಂಬ 35 ನ್ಯೂಟನ್‌ಗೆ ಕಳಚಿದರೆ ಅದು ಸುಮಾರು 5 ಮೆಗಾಪ್ಯಾಸ್ಕಲ್. ವಿಸ್ತೀರ್ಣ ಚಿಕ್ಕದಾದಂತೆ ದೋಷಗಳೂ ಕಡಿಮೆಯಾಗಿ ಅಂಕಿ ಏರುವುದು ಸಾಮಾನ್ಯ. ಇದನ್ನು ಮರೆತು ಎರಡು ಕೋಷ್ಟಕಗಳನ್ನು ಪಕ್ಕಪಕ್ಕ ಇಡುವ ಥೀಸಿಸ್‌ಗಳಿಗೆ ಕೊರತೆಯಿಲ್ಲ!

ಉತ್ತರ 2: ಖಾಸಗಿ ವೈದ್ಯರು, ಶಿವಮೊಗ್ಗ

ಅಧ್ಯಾಪಕರ ಮಾತನ್ನು ಒಪ್ಪುತ್ತೇನೆ, ಆದರೆ ಚಿಕಿತ್ಸೆಯಲ್ಲಿ ಕಾಂಪೋಸಿಟ್ ಹಿಡಿದು ನಿಲ್ಲುವುದು ಸುತ್ತಲಿನ ಎನಾಮೆಲ್ (ಹಲ್ಲಿನ ಹೊರಪದರ) ಮತ್ತು ಅದರ ಒಳಪದರವಾದ ಡೆಂಟಿನ್‌ನಿಂದ, ಕ್ಯಾಪಿಂಗ್ (ತಿರುಳು ಮುಚ್ಚುವ) ವಸ್ತುವಿನಿಂದಲ್ಲ. ಆದ್ದರಿಂದ ಬಯೋಡೆಂಟಿನ್ ತಿರುಳಿನ ಬಾಯಿಯನ್ನೂ ಅದರ ಅಂಚನ್ನೂ ಮುಚ್ಚುವಷ್ಟಿದ್ದರೆ ಸಾಕು, ಗೋಡೆಗಳಿಗೆ ಮೆತ್ತಿದ್ದನ್ನು ಚಮಚದಂಥ ಕೈ ಉಪಕರಣವಾದ ಎಕ್ಸ್‌ಕವೇಟರ್‌ನಿಂದ ಕೆರೆದು ತೆಗೆಯಿರಿ. ಅದೇ ದಿನ ಮುಗಿಸಲೇಬೇಕಾದರೆ ನಾನು ಮೇಲೆ ರೆಸಿನ್ ಸೇರಿದ ಗ್ಲಾಸ್ ಐಯೊನೊಮರ್ ಸಿಮೆಂಟಿನ ತೆಳುಪದರ ಹಾಕಿ, ಆಮ್ಲವನ್ನು ಎನಾಮೆಲ್‌ಗಷ್ಟೇ ತಾಗಿಸಿ, ಸೆಲ್ಫ್ ಎಚ್ ಬಾಂಡಿಂಗ್ (ಬೇರೆ ಆಮ್ಲ ಬೇಡದ ಅಂಟು) ಬಳಸಿ ಕಾಂಪೋಸಿಟ್ ಕೂರಿಸುತ್ತೇನೆ. ರೋಗಿ ಮತ್ತೆ ಬರುವವರಾದರೆ ಇಡೀ ಕುಳಿಯನ್ನು ಬಯೋಡೆಂಟಿನ್‌ನಿಂದಲೇ ತುಂಬಿ ಕಳಿಸುವುದು ಲೇಸು. ಆರು ತಿಂಗಳವರೆಗೆ ತಾತ್ಕಾಲಿಕ ತುಂಬುವಿಕೆಯಾಗಿ ಇಡಲು ತಯಾರಕರ ಅನುಮತಿಯಿದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಹಾಗಾದರೆ ಥೆರಾಕ್ಯಾಲ್ (ಬೆಳಕಿನಿಂದ ಗಟ್ಟಿಯಾಗುವ, ರೆಸಿನ್ ಸೇರಿದ ಕ್ಯಾಲ್ಸಿಯಂ ಸಿಲಿಕೇಟ್) ಬಳಸಿದರೆ ಈ ಕಾಯುವಿಕೆಯೇ ಬೇಡವಲ್ಲವೇ?

ಉತ್ತರ 1ರ ಅಧ್ಯಾಪಕರು

ಬಂಧದ ದೃಷ್ಟಿಯಿಂದ ಹೌದು. ಅದರಲ್ಲಿರುವ ಮೆಥಾಕ್ರಿಲೇಟ್ ರೆಸಿನ್ ಕಾಂಪೋಸಿಟ್‌ನೊಡನೆ ನೇರವಾಗಿ ಬೆಸೆಯುವುದರಿಂದ ತಕ್ಷಣದ ಅಂಕಿಗಳು ಬಯೋಡೆಂಟಿನ್‌ಗಿಂತ ಮೇಲಿರುತ್ತವೆ. ಆದರೆ ಅದೇ ರೆಸಿನ್‌ನ ಪಾಲಿಮರ್ ಆಗದೆ ಉಳಿದ ಅಂಶ ತಿರುಳಿನ ಜೀವಕೋಶಗಳಿಗೆ ಹಿತವಲ್ಲ. ತಿರುಳು ತೆರೆದಿರುವ ಕಡೆ ನಾನು ಅದನ್ನು ಇಡುವುದಿಲ್ಲ. ತೆರೆಯದ ಆಳದ ಕುಳಿಗಳಲ್ಲಿ 1 ಮಿ.ಮೀ. ಮೀರದ ಪದರದಲ್ಲಿ ಬಳಸುತ್ತೇನೆ.