ಕೆಳಗಿನ ಭಾಗ ತಣ್ಣಗಾಗದ ಹಳೆಯ ಡಬಲ್ ಡೋರ್ ಫ್ರಿಜ್: ಮಾದರಿ, ಅಳತೆ ಮತ್ತು ದೋಷ ತಿಳಿಯುವುದು ಹೇಗೆ?

ಪ್ರಶ್ನೆ (ಸಾಗರದಿಂದ)

ನಾಲ್ಕು ವರ್ಷಗಳ ಹಿಂದೆ, ಬಾಡಿಗೆ ಮನೆ ಖಾಲಿ ಮಾಡುತ್ತಿದ್ದ ಪರಿಚಯಸ್ಥರಿಂದ ಒಂದು ಡಬಲ್ ಡೋರ್ ಫ್ರಿಜ್ ಕೊಂಡು ಅಮ್ಮನ ಮನೆಯಲ್ಲಿ ಇಟ್ಟಿದ್ದೆವು. ಅದರ ಜೊತೆಗೆ ಬಿಲ್ಲಾಗಲಿ ಕೈಪಿಡಿಯಾಗಲಿ ಬರಲಿಲ್ಲ. ಬಾಗಿಲಿನ ಮೇಲಿದ್ದ ಸ್ಟಾರ್ ಚೀಟಿಯನ್ನು ಯಾರೋ ಕಿತ್ತಿದ್ದಾರೆ, ಹಿಂಬದಿಯ ಚೀಟಿ ಮಾಸಿಹೋಗಿದೆ. ಕಳೆದ ಎರಡು ವಾರಗಳಿಂದ ಮೇಲಿನ ಫ್ರೀಜರ್‌ನಲ್ಲಿ ಐಸ್ ಕಟ್ಟುತ್ತಿದೆಯಾದರೂ ಕೆಳಗಿನ ಭಾಗ ತಣ್ಣಗಾಗುತ್ತಿಲ್ಲ. ಮೊನ್ನೆ ರಾತ್ರಿ ಒಳಗಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ, ಮುಚ್ಚಳವನ್ನು ಎತ್ತಿ, ಗಾಜಿನ ತಟ್ಟೆಯ ಅಂಚಿನಿಂದ ತರಕಾರಿ ಡಬ್ಬಿಯೊಳಕ್ಕೆ ಇಳಿದಿತ್ತು. ಕಂಪ್ರೆಸರ್ ಮಾತ್ರ ಹಗಲೂ ರಾತ್ರಿಯೂ ನಿಲ್ಲದೆ ಓಡುತ್ತಿದೆ.

ಮನೆಗೆ ಬಂದ ಮೆಕ್ಯಾನಿಕ್ ಹಿಂದಿನ ಭಾಗವನ್ನು ಮುಟ್ಟಿ ನೋಡಿ, ಗ್ಯಾಸ್ ಮುಗಿದಿದೆ, ತುಂಬಿಸಲು 3,200 ರೂಪಾಯಿ ಆಗುತ್ತದೆ ಎಂದರು. ಒಪ್ಪಿಕೊಳ್ಳುವ ಮೊದಲು ನಾವೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ? ಇನ್ನೊಂದು ವಿಷಯವೆಂದರೆ, ಅಡುಗೆಮನೆ ರಿಪೇರಿ ನಡೆಯುತ್ತಿದ್ದು, ಫ್ರಿಜ್‌ಗೆಂದು ಗೂಡು ಮಾಡುತ್ತಿರುವ ಬಡಗಿಯವರು ಅಳತೆ ಕೇಳುತ್ತಿದ್ದಾರೆ. ಇದು ಎಷ್ಟು ಲೀಟರಿನದೆಂಬುದೂ ನಮಗೆ ಗೊತ್ತಿಲ್ಲ.

ಉತ್ತರ 1 (ಹುಬ್ಬಳ್ಳಿಯಿಂದ)

ನಾನು ಹಲವು ವರ್ಷ ಫ್ರಿಜ್ ರಿಪೇರಿಯನ್ನೇ ಕಸುಬಾಗಿ ಮಾಡಿದವನು. ನೀವು ಬರೆದ ಲಕ್ಷಣಗಳನ್ನು ನೋಡಿದರೆ, ಗ್ಯಾಸ್ ತುಂಬಿಸಲು ಸದ್ಯಕ್ಕೆ ಒಪ್ಪಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರಿನಂತೆ ಬಳಸಿ ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಸೋರುವ ಜಾಗ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗಿಯೇ ಹೋಗುತ್ತದೆ.

ನಿಮ್ಮದು ಫ್ರಾಸ್ಟ್ ಫ್ರೀ, ಅಂದರೆ ಹಿಮವನ್ನು ತಾನೇ ಕರಗಿಸಿಕೊಳ್ಳುವ ಮಾದರಿ ಇರಬೇಕು. ಫ್ರೀಜರ್‌ನ ಹಿಂಗೋಡೆಯಲ್ಲಿ ಗಾಳಿ ಬರುವ ಸೀಳುಗಳಿದ್ದರೆ ಅದು ಖಚಿತ. ಇಂಥ ಫ್ರಿಜ್‌ನಲ್ಲಿ ತಂಪು ಹುಟ್ಟುವ ಕಾಯಿಲ್ ಒಂದೇ ಇದ್ದು, ಅದು ಆ ಹಿಂಗೋಡೆಯ ಮರೆಯಲ್ಲಿ ಇರುತ್ತದೆ. ಅಲ್ಲಿಂದ ಒಂದು ಸಣ್ಣ ಫ್ಯಾನ್ ತಣ್ಣನೆಯ ಗಾಳಿಯನ್ನು ಫ್ರೀಜರ್‌ಗೂ, ಗಾಳಿದಾರಿಯ ಮೂಲಕ ಕೆಳಗಿನ ಭಾಗಕ್ಕೂ ತಳ್ಳುತ್ತದೆ. ಕಾಯಿಲ್ ಮೇಲೆ ಕಟ್ಟುವ ಹಿಮವನ್ನು ಆಗಾಗ ಕರಗಿಸಲು ಹೀಟರ್, ಅದನ್ನು ಹೊತ್ತಿಗೆ ಸರಿಯಾಗಿ ಚಾಲೂ ಮಾಡಲು ಟೈಮರ್ ಅಥವಾ ಬೋರ್ಡ್, ಮಿತಿ ಕಾಯಲು ಬೈಮೆಟಲ್ (ಉಷ್ಣಾಂಶಕ್ಕೆ ತಕ್ಕಂತೆ ಕೂಡಿ ಬಿಡುವ ಸ್ವಿಚ್) ಮತ್ತು ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿದುಹಾಕುವುದು) ಇರುತ್ತವೆ. ಇವುಗಳಲ್ಲಿ ಒಂದು ಕೈಕೊಟ್ಟರೂ ಹಿಮ ಕರಗದೆ ಗಟ್ಟಿಯಾಗಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಗ ಮೊದಲು ಸೊರಗುವುದು ಕೆಳಗಿನ ಭಾಗ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ತೇವದ ಗಾಳಿ ಒಳಹೋಗುವುದರಿಂದ ಹಿಮ ಇನ್ನೂ ಬೇಗ ಕಟ್ಟುತ್ತದೆ.

ಮೊದಲು ಉಷ್ಣಾಂಶ ಅಳೆಯಿರಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿಕೊಳ್ಳಿ. ಗಾಳಿಯ ಉಷ್ಣಾಂಶ ಬಾಗಿಲು ತೆರೆದ ಕ್ಷಣದಲ್ಲೇ ಬದಲಾಗುತ್ತದೆ, ನೀರು ಅಷ್ಟು ಬೇಗ ಮೋಸ ಮಾಡುವುದಿಲ್ಲ. ಕೆಳಗೆ 4 ಡಿಗ್ರಿಯ ಆಸುಪಾಸು, ಫ್ರೀಜರ್‌ನಲ್ಲಿ ಮೈನಸ್ 18ರ ಆಸುಪಾಸು ಇರಬೇಕು. ಮೈನಸ್ ಡಿಗ್ರಿ ತೋರಿಸುವ ಥರ್ಮಾಮೀಟರನ್ನೇ ಬಳಸಿ, ಜ್ವರ ನೋಡುವುದು ಇದಕ್ಕೆ ಬಾರದು.

ಆಮೇಲೆ ಪ್ಲಗ್ ಕಿತ್ತು, ಫ್ರೀಜರ್‌ನ ಒಳಗೆ ಹಿಂಗೋಡೆಯ ಹಲಗೆಯ ಸ್ಕ್ರೂ ಬಿಚ್ಚಿ ಕಾಯಿಲನ್ನು ನೋಡಿ. ಇಡೀ ಕಾಯಿಲ್ ದಪ್ಪ ಹಿಮದಲ್ಲಿ ಹುದುಗಿದ್ದರೆ ದೋಷ ಹಿಮ ಕರಗಿಸುವ ವ್ಯವಸ್ಥೆಯದು. ಮೊದಲ ಒಂದೆರಡು ಸಾಲುಗಳಲ್ಲಿ ಮಾತ್ರ ಹಿಮವಿದ್ದು ಉಳಿದ ಕೊಳವೆ ಬರಿದಾಗಿದ್ದರೆ ಮಾತ್ರ ಗ್ಯಾಸ್‌ನ ಮೇಲೆ ಅನುಮಾನ ಪಡಬೇಕು. ಹಲಗೆಯೇ ಹಿಮಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬಾಗಿಲುಗಳನ್ನು ತೆರೆದಿಟ್ಟು ಒಂದು ಇಡೀ ದಿನ ಬಿಟ್ಟರೆ ತಾನಾಗಿ ಬಿಡುತ್ತದೆ. ಚಾಕು ಹಾಕಿ ಐಸ್ ಕೀಳಲು ಹೋಗಿ ಅಲ್ಯುಮಿನಿಯಂ ಕೊಳವೆಗೆ ತೂತು ಮಾಡಿಕೊಂಡವರನ್ನು ನಾನು ಎಷ್ಟು ಕಂಡಿದ್ದೇನೆಂದರೆ, ನಿಜವಾಗಿ ಗ್ಯಾಸ್ ಖಾಲಿಯಾದ ಫ್ರಿಜ್‌ಗಳಲ್ಲಿ ದೊಡ್ಡ ಪಾಲು ಅವರದೇ ಇದ್ದೀತು.

ಉತ್ತರ 2 (ಮೈಸೂರಿನಿಂದ)

ಅಳತೆಯ ವಿಷಯದಲ್ಲಿ ನಾವು ಪೆಟ್ಟು ತಿಂದಿರುವುದರಿಂದ ಬರೆಯುತ್ತಿದ್ದೇನೆ. ಫ್ರಿಜ್ ಹಿಡಿಸುವಷ್ಟೇ ಅಗಲದ ಗೂಡು ಮಾಡಿಸಬೇಡಿ. ಅನೇಕ ಫ್ರಿಜ್‌ಗಳಲ್ಲಿ ಹಿಂದೆ ಕಾಣುತ್ತಿದ್ದ ಕಪ್ಪು ಜಾಲರಿ ಇರುವುದಿಲ್ಲ. ಬಿಸಿ ಹೊರಹಾಕುವ ಕೊಳವೆಗಳು ಎರಡೂ ಪಕ್ಕದ ತಗಡಿನೊಳಗೆ ಇರುತ್ತವೆ, ಪಕ್ಕ ಬಿಸಿಯಾಗುವುದು ಅದಕ್ಕೇ. ಬೇರೆ ಸೂಚನೆ ಕೈಯಲ್ಲಿಲ್ಲದಿರುವಾಗ ಪಕ್ಕಗಳಲ್ಲಿ 5 ಸೆಂ.ಮೀ., ಹಿಂದೆ ಮತ್ತು ಮೇಲೆ 10 ಸೆಂ.ಮೀ. ಬಿಡುವುದು ಒಳ್ಳೆಯದು. ಆಳವನ್ನು ಹಿಡಿಕೆ ಸೇರಿಸಿ ಒಮ್ಮೆ, ಬಾಗಿಲು ಪೂರ್ತಿ ತೆರೆದು ಇನ್ನೊಮ್ಮೆ ಅಳೆಯಿರಿ. ನಮ್ಮಲ್ಲಿ ತಿರುಗಣಿಯ ಪಕ್ಕದಲ್ಲೇ ಗೋಡೆ ಇದ್ದುದರಿಂದ ಬಾಗಿಲು ಅರ್ಧಕ್ಕೆ ತಡೆದು ನಿಂತು, ತರಕಾರಿ ಡಬ್ಬಿಯನ್ನು ಹೊರಗೆಳೆಯಲು ಇಂದಿಗೂ ಆಗುತ್ತಿಲ್ಲ. ಹಳೆಯ ಮನೆಯಾದರೆ ಅಡುಗೆಮನೆಯ ಬಾಗಿಲಿನ ದಾರಂದದ ಅಗಲವನ್ನೂ ಹೊಸ್ತಿಲಿನ ಎತ್ತರವನ್ನೂ ಮರೆಯದೆ ನೋಡಿ.

ಲೀಟರ್ ತಿಳಿಯಬೇಕಾದರೆ ಒಳಗಿನ ಅಗಲ, ಆಳ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿ. ಕೆಳಗೆ ಹಿಂಬದಿಯಲ್ಲಿ ಕಂಪ್ರೆಸರ್‌ಗಾಗಿ ಒಳಕ್ಕೆ ಉಬ್ಬಿರುವ ಮೆಟ್ಟಿಲನ್ನು ಕಳೆಯಬೇಕು. ಮಾದರಿಯ ಚೀಟಿ ಹಲವು ಫ್ರಿಜ್‌ಗಳಲ್ಲಿ ಒಳಗೆ, ತರಕಾರಿ ಡಬ್ಬಿಯ ಪಕ್ಕದ ಗೋಡೆಯ ಮೇಲೆ ಇರುತ್ತದೆ. ಮಾಸಿದ ಅಕ್ಷರಗಳಿದ್ದರೆ ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದು, ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತರಕಾರಿ ಡಬ್ಬಿ ತೆಗೆದಾಗ ಎಡಗೋಡೆಯಲ್ಲಿ, ಒಣಗಿದ ದೋಸೆ ಹಿಟ್ಟಿನ ಅಡಿಯಲ್ಲಿ, ಚೀಟಿ ಸಿಕ್ಕಿತು. ಮಾದರಿ ಸಂಖ್ಯೆಯ ಕೊನೆಯ ಎರಡು ಅಕ್ಷರಗಳು ಅಳಿಸಿಹೋಗಿವೆ. 230 ವೋಲ್ಟ್, ಗ್ಯಾಸ್ ಆರ್-134ಎ, 110 ಗ್ರಾಂ ಎಂಬುದು ಓದಲು ಬರುತ್ತದೆ. ಕೆಳಭಾಗ 46, 44, 92 ಸೆಂ.ಮೀ. ಇದ್ದು 186 ಲೀಟರ್ ಆಯಿತು, ಫ್ರೀಜರ್ 42, 38, 34 ಇದ್ದು 54 ಲೀಟರ್. ಒಟ್ಟು 240ರಲ್ಲಿ ಕಂಪ್ರೆಸರ್ ಮೆಟ್ಟಿಲಿನ ಸುಮಾರು 16 ಲೀಟರ್ ಕಳೆದರೆ 224 ಉಳಿಯುತ್ತದೆ. ಹೊರಗಿನ ಅಗಲ 55.5 ಸೆಂ.ಮೀ. ಇರುವುದರಿಂದ ಗೂಡನ್ನು 66 ಸೆಂ.ಮೀ. ಮಾಡಲು ಹೇಳಿದ್ದೇನೆ.

ಲೋಟದ ನೀರು 14 ಡಿಗ್ರಿ ತೋರಿಸಿತು, ಫ್ರೀಜರ್ ಮೈನಸ್ 9. ಹಲಗೆ ಬಿಚ್ಚಿ ನೋಡಿದಾಗ ಕಾಯಿಲ್ ಕಾಣಿಸಲೇ ಇಲ್ಲ. ಅದರ ಜಾಗದಲ್ಲಿ ಒಂದು ಬಿಳಿಯ ಇಟ್ಟಿಗೆ ಇಟ್ಟಂತಿತ್ತು. ಒಂದು ದಿನ ಆರಿಸಿ ಇಟ್ಟ ಮೇಲೆ ಎಲ್ಲವೂ ಕರಗಿ, ಮತ್ತೆ ಚಾಲೂ ಮಾಡಿದಾಗ ಕೆಳಗೆ 5 ಡಿಗ್ರಿಗೆ ಇಳಿಯಿತು. ಹನ್ನೊಂದನೆಯ ದಿನ ಮತ್ತೆ 10ಕ್ಕೆ ಏರಿದೆ. ನನ್ನ ತಮ್ಮ ಎಲೆಕ್ಟ್ರಿಷಿಯನ್, ಅವನ ಬಳಿ ಮಲ್ಟಿಮೀಟರ್ ಇದೆ. ಅವನು ಏನೇನು ನೋಡಬೇಕು?

ಉತ್ತರ 1 (ಹುಬ್ಬಳ್ಳಿಯಿಂದ)

ಹಿಮ ಕರಗಿದ ಮೇಲೆ ಹತ್ತು ದಿನ ಸರಿಯಾಗಿ ತಂಪು ಕೊಟ್ಟಿದೆ ಎಂದಮೇಲೆ ಗ್ಯಾಸ್ ಸರಿಯಿದೆ, ಕಂಪ್ರೆಸರೂ ಸರಿಯಿದೆ. ಪ್ಲಗ್ ಕಿತ್ತ ಮೇಲೆ ಹೀಟರ್‌ನ ಎರಡು ತುದಿಗಳ ನಡುವೆ ಅಳೆಯಲು ಹೇಳಿ. 150 ವಾಟಿನ ಹೀಟರ್ ಆದರೆ 230 ವೋಲ್ಟಿಗೆ ಸುಮಾರು 350 ಓಮ್ ಬರಬೇಕು. ಥರ್ಮಲ್ ಫ್ಯೂಸ್ ಯಾವಾಗಲೂ ಕೂಡಿರಬೇಕು, ಅಂದರೆ ಕರೆಂಟ್ ಹಾಯಲು ಬಿಡಬೇಕು, ಮೀಟರ್ ಶಬ್ದ ಮಾಡದಿದ್ದರೆ ಅದು ಹೋಗಿದೆ. ಬೈಮೆಟಲ್ ಮಾತ್ರ ಇದಕ್ಕೆ ತದ್ವಿರುದ್ಧ: ಕೋಣೆಯ ಉಷ್ಣಾಂಶದಲ್ಲಿ ಅದು ಬಿಟ್ಟುಕೊಂಡೇ ಇರುತ್ತದೆ, ಚೆನ್ನಾಗಿ ತಣ್ಣಗಾದ ಮೇಲೆ ಕೂಡಿಕೊಳ್ಳುತ್ತದೆ. ಇದನ್ನು ತಿಳಿಯದೆ ಸರಿಯಿರುವ ಬೈಮೆಟಲನ್ನು ಎಸೆಯುವವರಿದ್ದಾರೆ. ಈ ಮೂರೂ ಸರಿಯಿದ್ದರೆ ಟೈಮರ್ ನೋಡಿ. ಅದರ ತಿರುಪನ್ನು ಟಕ್ ಎನ್ನುವವರೆಗೆ ನಿಧಾನವಾಗಿ ತಿರುಗಿಸಿ ಮತ್ತೆ ಕರೆಂಟ್ ಕೊಟ್ಟಾಗ ಕಂಪ್ರೆಸರ್ ನಿಂತಿದ್ದು, ಕಾಯಿಲ್ ತಣ್ಣಗಿರುವಾಗ ಹೀಟರ್ ಬಿಸಿಯಾಗಬೇಕು.

ಒಂದು ಎಚ್ಚರಿಕೆ. ಫ್ಯೂಸ್ ಹೋಗಿದ್ದರೆ ಎರಡು ವೈರ್ ಸೇರಿಸಿ ಹೊಸೆದು ಬಿಡಬೇಡಿ. ಹೀಟರ್ ಹಿಡಿತ ತಪ್ಪಿದ ದಿನ ಒಳಗಿನ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತದಂತೆ ತಡೆಯುವುದು ಅದೊಂದೇ. ನಿಮ್ಮದು ಆರ್-134ಎ, ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಇದನ್ನು ಓದುವ ಬೇರೆಯವರ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಅದು ಐಸೋಬ್ಯುಟೇನ್, ಹೊತ್ತಿಕೊಳ್ಳುವ ಅನಿಲ. ಅದರ ಕೊಳವೆಯ ಹತ್ತಿರ ಬೆಂಕಿಯ ಕೆಲಸವನ್ನು ತರಬೇತಿ ಇಲ್ಲದವರು ಮಾಡಲೇಬಾರದು.

ಪ್ರಶ್ನೆ ಕೇಳಿದವರು

ಹೀಟರ್ 347 ಓಮ್ ತೋರಿಸಿತು. ಥರ್ಮಲ್ ಫ್ಯೂಸ್‌ಗೆ ಮೀಟರ್ ಸದ್ದೇ ಮಾಡಲಿಲ್ಲ. ಶಿವಮೊಗ್ಗದ ಬಿಡಿಭಾಗಗಳ ಅಂಗಡಿಯಲ್ಲಿ ಬೈಮೆಟಲ್ ಮತ್ತು ಫ್ಯೂಸ್ ಎರಡೂ ಸೇರಿದ ಜೋಡಿ 280 ರೂಪಾಯಿಗೆ ಸಿಕ್ಕಿತು, ತಮ್ಮ ಅರ್ಧ ಗಂಟೆಯಲ್ಲಿ ಹಾಕಿದ. ಇಂದಿಗೆ ಇಪ್ಪತ್ತಾರು ದಿನಗಳಾಗಿವೆ. ಬೆಳಿಗ್ಗೆ ಲೋಟದ ನೀರು 4 ಡಿಗ್ರಿ ಇತ್ತು, ಕಂಪ್ರೆಸರ್ ಈಗ ನಡುನಡುವೆ ನಿಲ್ಲುತ್ತಿದೆ. ಅದು ನಿಂತಾಗಲೆಲ್ಲ ಅಮ್ಮ ಗಾಬರಿಯಿಂದ ಎದ್ದು ಹೋಗಿ ಬಾಗಿಲು ತೆರೆದು ನೋಡುತ್ತಾರೆ.