ಅಪ್‌ಡೇಟ್: ಅವ್ವನ ಸರ್ಪಸುತ್ತಿನ ನೋವಿಗೆ ಲೇಸರ್

ಸರ್ಪಸುತ್ತಿನ ಗಾಯ ಮಾಯ್ದರೂ ಅವ್ವನ ಪಕ್ಕೆಯ ಉರಿ ಹೋಗಿಲ್ಲ, ಲೇಸರ್ (ನೋವಿಗೆ ಕೊಡುವ ಕಡಿಮೆ ಶಕ್ತಿಯ ಬೆಳಕಿನ ಚಿಕಿತ್ಸೆ) ಕೊಡಿಸಲಾ ಅಂತ ಕೇಳಿದ್ದೆ. ಕೊಡಿಸಿದೆ, ಇಲ್ಲೇ ಕಲಬುರಗಿಯಲ್ಲಿ, ಎಂಟು ಸಲ ಆಯ್ತು.

ಸುಡ್ತದೇನೋ ಅಂತ ಅವ್ವ ಹೆದರಿದ್ದಳು. ಬಿಸಿಯೇ ಇಲ್ಲ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದರು, ಅಷ್ಟೇ. ಫಿಸಿಯೋ ಮೇಡಂ ಬಿಡಿಸಿ ಹೇಳಿದರು: ಸುಮಾರು 600ರಿಂದ 1000 ನ್ಯಾನೋಮೀಟರ್ ತರಂಗಾಂತರದ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು, ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರಿಕೊಳ್ಳುತ್ತದೆ. ಇದರಿಂದ ನೋವು ಒಯ್ಯುವ ಸಣ್ಣ ನರತಂತುಗಳಲ್ಲಿ ಸಂಕೇತದ ಓಟ ನಿಧಾನವಾಗಬಹುದು, ಉರಿಯೂತ ತಗ್ಗಬಹುದು. ಡೋಸ್ ಏರಿಸಿದಷ್ಟೂ ಗುಣ ಹೆಚ್ಚು ಅನ್ನುವಂತಿಲ್ಲ, ಇದನ್ನು ದಯವಿಟ್ಟು ನೆನಪಿಡಿ.

ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟಿಲ್ಲ. ಹಾಗಾಗಿ ಎಲ್ಲ ಲೇಸರಿನಿಂದಲೇ ಅನ್ನಲಾರೆ. ಆದರೆ ಸೆರಗು ತಾಗಿದರೂ ಚೀರುತ್ತಿದ್ದ ಅವ್ವ ನಿನ್ನೆ ತಾನೇ ಕೂತು ನಾಲ್ಕು ಜೋಳದ ರೊಟ್ಟಿ ಬಡಿದಳು.