ಅಪ್‌ಡೇಟ್: ಕಂಪನಿ ಗಡುವು ತಪ್ಪಿಸಿತ್ತಲ್ಲ, ಆಮೇಲೆ ಆಗಿದ್ದು

ಅಮೆರಿಕದ ಡಲ್ಲಾಸಿನ ಫೆಡರಲ್ ಕೋರ್ಟಿನಲ್ಲಿ ನನ್ನ ಹಳೇ ಕಂಪನಿ ಮೇಲೆ ತಾರತಮ್ಯದ ಕೇಸು ಹಾಕಿದ್ದೇನೆ, ಭಾರತದವಳು ಅಂತ ಬಡ್ತಿ ತಪ್ಪಿಸಿದ್ದಕ್ಕೆ. ನಾವು ಕೇಳಿದ ದಾಖಲೆಗಳಿಗೆ 30 ದಿನದೊಳಗೆ ಉತ್ತರ ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಕೇಸು ಗೆದ್ದಂತೇನಾ ಅಂತ ಇಲ್ಲಿ ಕೇಳಿದ್ದೆ.

ಇಲ್ಲ, ಅಷ್ಟು ಸುಲಭ ಅಲ್ಲ. ಎದುರು ವಕೀಲರ ಜೊತೆ ಮಾತಾಡಿ ಬಗೆಹರಿಸಲು ನೋಡಿದ್ದೇವೆ ಅಂತ ಮೊದಲು ತೋರಿಸಬೇಕು. ನಮ್ಮ ಲಾಯರ್ ಫೋನ್ ಮಾಡಿದರು, ಪತ್ರ ಬರೆದರು. 'ಮುಂದಿನ ವಾರ' ಅನ್ನೋದು ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳಲ್ಲಿ 37ನೇ ನಿಯಮದಡಿ, ದಾಖಲೆ ಕೊಡಿಸಿ ಅಂತ ಅರ್ಜಿ ಹಾಕಿದೆವು. ದಾಖಲೆ ಕೊಡಿ, ಅರ್ಜಿಯ ಖರ್ಚೂ ಕೊಡಿ ಎಂದು ಮ್ಯಾಜಿಸ್ಟ್ರೇಟ್ ಜಡ್ಜ್ ಕಂಪನಿಗೆ ಆದೇಶಿಸಿದರು. ಸಮಯಕ್ಕೆ ಆಕ್ಷೇಪಣೆ ಎತ್ತದ ಕಾರಣ 'ಇಷ್ಟೆಲ್ಲ ಹುಡುಕೋದು ಕಷ್ಟ' ಅನ್ನುವ ವಾದವೂ ನಡೆಯಲಿಲ್ಲ.

ಬಂದ ಫೈಲುಗಳಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ನನ್ನ ರೇಟಿಂಗ್ 4, ಬಡ್ತಿ ಸಿಕ್ಕವರದು 3. ನನ್ನ ಸಾಲಿನ ಕೊನೆಯ ಕಾಲಮ್ಮಿನಲ್ಲಿ 'ಉಚ್ಚಾರಣೆ ಸರಿಯಿಲ್ಲ, ಕ್ಲೈಂಟ್ ಮುಂದೆ ಬೇಡ' ಅಂತಿದೆ. ಓದಿ ಕೈ ನಡುಗಿತು.

ಡಿಸ್ಕವರಿ, ಅಂದರೆ ವಿಚಾರಣೆಗೆ ಮೊದಲು ಎರಡೂ ಕಡೆಯವರು ದಾಖಲೆ, ಹೇಳಿಕೆ ಕೇಳಿ ಪಡೆಯುವ ಹಂತ, ಮುಗಿಯುವ ದಿನವೂ ಹತ್ತಿರ ಬಂದಿತ್ತು. ಅದನ್ನು ಮುಂದೂಡಲು 16ನೇ ನಿಯಮದಂತೆ ಸರಿಯಾದ ಕಾರಣ ಬೇಕು. ನಾವು ಸುಮ್ನೆ ಕೂರದೆ ಬೆನ್ನುಬಿದ್ದಿದ್ದೇ ಕೆಲಸಕ್ಕೆ ಬಂತು.

ಇದೇ ಸ್ಥಿತಿಯಲ್ಲಿರುವವರು ಒಂದು ಗಮನಿಸಿ. 'ಇದನ್ನು ಒಪ್ಪುತ್ತೀರಾ' ಎನ್ನುವ ಪಟ್ಟಿ ಎದುರು ಕಡೆಯಿಂದ ನಿಮಗೆ ಬಂದರೆ 30 ದಿನ ದಾಟಿಸಲೇಬೇಡಿ. ಉತ್ತರ ಕೊಡದಿದ್ದರೆ 36ನೇ ನಿಯಮದ ಪ್ರಕಾರ ಒಪ್ಪಿದಂತೆಯೇ.

ಮುಂದಿನ ತಿಂಗಳು ಮ್ಯಾನೇಜರ್ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಆ ಶೀಟ್ ಬಗ್ಗೆಯೇ ಮೊದಲ ಪ್ರಶ್ನೆ.